ಒಂದೂವರೆ ಎಕರೆಗೆ ಎಷ್ಟು ಎಚ್‌ಪಿ? ಕೋಣದಿಂದ ಮಿನಿ ಟ್ರ್ಯಾಕ್ಟರ್‌ವರೆಗೆ ಕರಾವಳಿಯ ಗದ್ದೆಯ ಕಥೆ

ದೇರೆಬೈಲಿನ ನನ್ನ ರೂಮಿನಿಂದ ಮಾತಾಡ್ತಾ ಇದ್ದೇನೆ. ಹೊರಗೆ ಮಳೆ. ಮಧ್ಯೆ ಮಧ್ಯೆ ಶಬ್ದ ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ಎಪಿಸೋಡ್ ಶುರುವಾದದ್ದು ಒಂದು ಫೋನ್ ಕಾಲ್‌ನಿಂದ. ಕಿನ್ನಿಗೋಳಿ ಕಡೆ ಇರುವ ನನ್ನ ಸೋದರಮಾವ ಫೋನ್ ಮಾಡಿದ್ರು. "ಮಾರಾಯ, ನೀನು ಬಿ.ಕಾಂ. ಮಾಡಿದ್ದಲ್ವಾ? ಒಂದು ಮಿನಿ ಟ್ರ್ಯಾಕ್ಟರ್ ತೆಗೊಳ್ಬೇಕು ಅಂತ ಉಂಟು. ಲೆಕ್ಕ ಹಾಕಿ ಹೇಳು, ಬೇಕಾ ಬೇಡ್ವಾ?"

ಮಾವನಿಗೆ ಐವತ್ತೆಂಟು ವರ್ಷ. ಗದ್ದೆ ಇರುವುದು ಒಂದೂವರೆ ಎಕರೆ. ಕಳೆದ ಜೂನ್‌ನಲ್ಲಿ ಉಳುಮೆಗೆ ಹೇಳಿದ್ದ ಬಾಡಿಗೆ ಗಾಡಿ ಹನ್ನೆರಡು ದಿನ ತಡವಾಗಿ ಬಂತು. ಯಾರದ್ದು ಅಂತ ಹೆಸರು ಬೇಡ, ಅವರಿಗೂ ಹತ್ತು ಕಡೆ ಕೆಲಸ. ಆದರೆ ನೇಜಿ ಕಾಯುವುದಿಲ್ಲ. ಇಪ್ಪತ್ತು-ಇಪ್ಪತ್ತೈದು ದಿನಕ್ಕೆ ನಾಟಿ ಆಗಬೇಕಾದ ನೇಜಿ ಬೆಳೆದು ಗಟ್ಟಿಯಾಯಿತು, ಪೈರು ಸರಿಯಾಗಿ ಕವಲು ಒಡೆಯಲಿಲ್ಲ, ಭತ್ತ ಕಡಿಮೆ ಬಂತು. ಮಾವ ಹೇಳಿದ ಕೊನೆಯ ಮಾತು ಹೀಗಿತ್ತು: "ಇನ್ನೊಂದು ವರ್ಷ ಹೀಗೇ ಆದ್ರೆ ಹಡಿಲು ಬಿಡುದೇ."

ಹಡಿಲು ಅಂದ್ರೆ ಬೇಸಾಯ ಮಾಡದೆ ಪಾಳು ಬಿಟ್ಟ ಗದ್ದೆ. ನಮ್ಮ ಊರಿನ ಹೆಸರಲ್ಲೇ ಬೈಲು ಉಂಟು, ಆದ್ರೆ ದೇರೆಬೈಲಿನಲ್ಲಿ ನನ್ನ ಕಿಟಕಿಯಿಂದ ಕಾಣುವುದು ಅಪಾರ್ಟ್‌ಮೆಂಟ್ ಮಾತ್ರ. ಬೈಲು ಹೋದರೆ ಏನಾಗುತ್ತದೆ ಅಂತ ನಾನು ದಿನಾ ನೋಡ್ತೇನೆ. ಹಾಗಾಗಿ ಮಾವನ ಪ್ರಶ್ನೆಗೆ ಸುಮ್ಮನೆ "ಹ್ಞೂಂ, ತೆಗೊಳ್ಳಿ" ಅನ್ನಲು ಆಗಲಿಲ್ಲ.

ಗದ್ದೆ ಸಣ್ಣದು ಯಾಕೆ?

ಮೊದಲು ನೆಲ ನೋಡುವ. ಕರಾವಳಿಯಲ್ಲಿ ಗದ್ದೆಗೆ ಮೂರು ಹೆಸರು. ಗುಡ್ಡಗಳ ನಡುವೆ ತಗ್ಗಿನಲ್ಲಿ, ನೀರು ನಿಲ್ಲುವ ಜಾಗ ಬೈಲು. ಅದಕ್ಕಿಂತ ಸ್ವಲ್ಪ ಮೇಲೆ ಮಜಲು. ಅದಕ್ಕೂ ಮೇಲೆ, ಮಳೆಯನ್ನೇ ನಂಬಿದ್ದು ಬೆಟ್ಟು. ಬೆಳೆಗೂ ಹಾಗೇ ಮೂರು ಹೆಸರು: ಮಳೆಗಾಲದ ಏಣಿಲು, ಆಮೇಲೆ ಸುಗ್ಗಿ, ನೀರಿದ್ದ ಕಡೆ ಮೂರನೆಯದು ಕೊಳಕೆ. ಮುರಕಲ್ಲಿನ ಗುಡ್ಡ, ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಇಂಥ ಇಳಿಜಾರಲ್ಲಿ ನೀರು ನಿಲ್ಲಿಸಬೇಕಾದರೆ ಗದ್ದೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು, ಪ್ರತಿ ಮೆಟ್ಟಿಲಿಗೂ ಹುಣಿ ಹಾಕಬೇಕು. ಘಟ್ಟದ ಮೇಲಿನವರು ಎಕರೆ, ಗುಂಟೆ ಅಂದ್ರೆ ನಾವು ಸೆಂಟ್ಸ್ ಅನ್ನುವುದು. ಹತ್ತು ಸೆಂಟ್ಸಿನ ಗದ್ದೆ ಇಲ್ಲಿ ಮಾಮೂಲು.

ಇದು ಪ್ರಕೃತಿ ಮಾಡಿದ ತುಂಡು. ಕಾನೂನು ಮಾಡಿದ ತುಂಡು ಎರಡು.

ಒಂದು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತಾಯಿಯ ಕಡೆಯಿಂದ ಆಸ್ತಿ ಬರುವ ಕೂಡು ಕುಟುಂಬಗಳಲ್ಲಿ ಪಾಲು ಕೇಳುವ ಹಕ್ಕನ್ನು ಈ ಕಾಯ್ದೆ ಗಟ್ಟಿ ಮಾಡಿತು.

ಎರಡನೆಯದು ದೊಡ್ಡದು. 1974. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ. ಆ ವರ್ಷದ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದು. ಅಲ್ಲಿಯವರೆಗೆ ನಮ್ಮಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಇತ್ತು. ಮೂಲಗೇಣಿಯವನಿಗೆ ಶಾಶ್ವತ ಹಕ್ಕು. ಚಾಲಗೇಣಿಯವನು ಧನಿಗಳು ಏಳು ಅಂದ್ರೆ ಏಳಬೇಕು. ಗೇಣಿ ಕೊಡುವುದು ಅಕ್ಕಿ ಮುಡಿಯ ಲೆಕ್ಕದಲ್ಲಿ. ತಿದ್ದುಪಡಿ ಬಂದ ಮೇಲೆ ಒಕ್ಕಲುಗಳು ಫಾರ್ಮ್ 7 ತುಂಬಿಸಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನಮ್ಮ ಕಡೆ ಇವತ್ತಿಗೂ "ಡಿಕ್ಲರೇಶನ್‌ನಲ್ಲಿ ಬಂದ ಜಾಗ" ಅಂತಾರಲ್ಲ, ಅದು ಇದೇ.

ನನ್ನ ಅಜ್ಜನಿಗೂ ಜಾಗ ಬಂದದ್ದು ಹಾಗೆ. ಅಂದ್ರೆ ಮಾವನ ಒಂದೂವರೆ ಎಕರೆ ಬರೀ ಆಸ್ತಿ ಅಲ್ಲ. ಅದು ನಮ್ಮ ಮನೆಗೆ ಬಂದ ಮೊದಲ ಪಟ್ಟೆ. ಹಡಿಲು ಬಿಡುವ ಮಾತು ಬಂದಾಗ ಮಾವನ ಸ್ವರ ಸಣ್ಣದಾದದ್ದು ಅದಕ್ಕೇ.

ಜಪಾನಿನಲ್ಲೂ ಇದೇ ಕಥೆ

ಈಗ ಸ್ವಲ್ಪ ದೂರ ಹೋಗುವ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ ಜಪಾನಿನಲ್ಲಿ ಭೂಸುಧಾರಣೆ ನಡೆಯಿತು. ಅಲ್ಲೂ ಗೇಣಿದಾರರು ಮಾಲೀಕರಾದರು. ಅಲ್ಲೂ ಭತ್ತ, ಕೆಸರು, ಸಣ್ಣ ಸಣ್ಣ ಗದ್ದೆ. ಅಮೆರಿಕದ ದೊಡ್ಡ ಟ್ರ್ಯಾಕ್ಟರ್ ಅಲ್ಲಿ ತಿರುಗಿಸಲಿಕ್ಕೇ ಜಾಗ ಇಲ್ಲ. ಹಾಗಾಗಿ ಐವತ್ತರ, ಅರವತ್ತರ ದಶಕದಲ್ಲಿ ಅವರು ಮಾಡಿಕೊಂಡದ್ದು ಹಿಂದೆ ನಡೆದುಕೊಂಡು ಹೋಗುವ ಎರಡು ಚಕ್ರದ ಯಂತ್ರ, ಆಮೇಲೆ ಕೂತು ಓಡಿಸುವ ಸಣ್ಣ ಟ್ರ್ಯಾಕ್ಟರ್.

ಆ ಎರಡು ಚಕ್ರದ್ದೇ ನಮ್ಮ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ವಿಎಸ್‌ಟಿ ಕಂಪನಿ ಶುರುವಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೋ, ಕುಬೋಟಾ ತಂತ್ರಜ್ಞಾನದೊಂದಿಗೆ. ಕರಾವಳಿಗೆ ಟಿಲ್ಲರ್ ಹತ್ತಿರವಾದದ್ದು ಸುಮ್ಮನೆ ಅಲ್ಲ. ಜಪಾನಿನ ಕೆಸರಿಗೆ ಹುಟ್ಟಿದ ಯಂತ್ರ ನಮ್ಮ ಕೆಸರಿಗೂ ಸರಿ ಹೋಯಿತು.

ಅದೇ 1974ರಲ್ಲಿ ಪಂಜಾಬಿನಲ್ಲಿ ಸ್ವರಾಜ್ 724 ಬಂತು. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ವಿನ್ಯಾಸ ಮಾಡಿದ ಟ್ರ್ಯಾಕ್ಟರ್. ಸಣ್ಣ ರೈತನಿಗೆ ಅಂತ ಮಾಡಿದ್ದು, 26.5 ಎಚ್‌ಪಿ. ನೋಡಿ, ಪಂಜಾಬಿನ ಸಣ್ಣ ರೈತನೂ ನಮ್ಮ ಸಣ್ಣ ರೈತನೂ ಒಂದೇ ಅಲ್ಲ. ಟ್ರ್ಯಾಕ್ಟರ್ ಶೋರೂಮಿಗೆ ಹೋಗುವ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು: ಈ ಯಂತ್ರ ಯಾರ ಹೊಲಕ್ಕೆ ಅಂತ ಹುಟ್ಟಿದ್ದು?

ಕೋಣ ಹೋದದ್ದು ಎಲ್ಲಿಗೆ?

ಟಿಲ್ಲರ್ ಬಂತು, ಕೋಣ ಹೋಯಿತು. ಪೂರ್ತಿ ಹೋಗಲಿಲ್ಲ, ಕಂಬಳಕ್ಕೆ ಹೋಯಿತು. ಕಂಬಳದ ವಿಭಾಗಗಳ ಹೆಸರು ಕೇಳಿ: ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆಹಲಗೆ. ಎಲ್ಲ ಉಳುಮೆಯ ವಾಸನೆ ಇರುವ ಶಬ್ದಗಳೇ. ರೀಲ್ಸ್‌ನಲ್ಲಿ ಕೋಣ ಓಡುವುದನ್ನು ನೋಡುವಾಗ ನಾವು ನೋಡುವುದು ಒಂದು ಕಾಲದ ಕೃಷಿ ಸಾಮಾನಿನ ಪಟ್ಟಿಯನ್ನು.

ಕೋಣ ಸಾಕಲು ಹುಲ್ಲು ಬೇಕು, ವರ್ಷವಿಡೀ ಆಳು ಬೇಕು. ಮಕ್ಕಳು ಮುಂಬೈಗೆ, ಗಲ್ಫಿಗೆ ಹೋದ ಮೇಲೆ ಅದು ಆಗುವ ಕೆಲಸ ಅಲ್ಲ. ಟಿಲ್ಲರ್‌ಗೆ ಕೆಲಸ ಇದ್ದಾಗ ಮಾತ್ರ ಡೀಸೆಲ್ ಸಾಕು. ಆದರೆ ಟಿಲ್ಲರ್‌ನ ಹಿಂದೆ ನಡೆಯಬೇಕಲ್ಲ! ನಾನು ಲೆಕ್ಕ ಹಾಕಿದೆ. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ಟಿಲ್ಲರ್ ಒಂದು ಸಲಕ್ಕೆ 60 ಸೆಂಟಿಮೀಟರ್ ಅಗಲ ಉತ್ತರೆ, ಒಂದು ಸಾಲು ಉಳುಮೆಗೆ ಹತ್ತಿರ ಹತ್ತಿರ ಏಳು ಕಿಲೋಮೀಟರ್ ನಡಿಗೆ. ಮೊಣಕಾಲುದ್ದ ಕೆಸರಿನಲ್ಲಿ. ಎರಡು ಸಲ ಉತ್ತರೆ ಹದಿಮೂರು ಕಿಲೋಮೀಟರ್ ದಾಟುತ್ತದೆ. ಐವತ್ತೆಂಟರ ಮಾವನಿಗೆ ಸೀಟು ಇರುವ ಗಾಡಿ ಬೇಕು ಅನ್ನಿಸಿದ್ದು ಶೋಕಿ ಅಲ್ಲ ಅಂತ ನನಗೆ ಅರ್ಥ ಆದದ್ದು ಆಗ.

ಈಗ ಲೆಕ್ಕ

ಇದು ಉದಾಹರಣೆ ಲೆಕ್ಕ. ನಿಮ್ಮ ಊರಿನ ರೇಟು ಹಾಕಿ ನೀವೇ ಮಾಡಿ ನೋಡಿ.

ಮಿನಿ ಟ್ರ್ಯಾಕ್ಟರ್ 5 ಲಕ್ಷ, ರೋಟವೇಟರ್ 1 ಲಕ್ಷ ಅಂತ ಇಟ್ಟುಕೊಳ್ಳುವ. ಒಟ್ಟು 6 ಲಕ್ಷ. ಹತ್ತು ವರ್ಷ ಬಿಟ್ಟು ಮಾರಿದರೆ 2 ಲಕ್ಷ ಸಿಕ್ಕಿತು. ಹಾಗಾದ್ರೆ ಸವಕಳಿ ವರ್ಷಕ್ಕೆ 40 ಸಾವಿರ. ಬಡ್ಡಿ ಸರಾಸರಿ 30 ಸಾವಿರ. ಸಾಲ ಮಾಡದೆ ಕೈಯಿಂದ ಹಾಕಿದರೂ ಎಫ್‌ಡಿ ಬಡ್ಡಿ ಹೋಯಿತಲ್ಲ, ಅದೂ ಖರ್ಚೇ. ಇನ್ಶೂರೆನ್ಸ್, ಸರ್ವಿಸ್ 10 ಸಾವಿರ. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ವರ್ಷಕ್ಕೆ 80 ಸಾವಿರ.

ಕೆಲಸ ಎಷ್ಟು? ಎಕರೆಗೆ ಎಲ್ಲ ಸೇರಿ ನಾಲ್ಕು ಗಂಟೆ. ಒಂದೂವರೆ ಎಕರೆಗೆ ಆರು. ಏಣಿಲು, ಸುಗ್ಗಿ ಎರಡಕ್ಕೂ ಸೇರಿ ಹನ್ನೆರಡು ಗಂಟೆ. ಇಡೀ ವರ್ಷಕ್ಕೆ ಹನ್ನೆರಡೇ ಗಂಟೆ!

ಗಂಟೆಗೆ ಸಾವಿರ ರೂಪಾಯಿ ಬಾಡಿಗೆ ಅಂದ್ರೂ 12 ಸಾವಿರದಲ್ಲಿ ಕೆಲಸ ಮುಗಿಯಿತು. ಸ್ವಂತ ಗಾಡಿಯಲ್ಲಿ ಡೀಸೆಲ್‌ಗೆ ಗಂಟೆಗೆ 200 ಹೋದರೆ, ಉಳಿಯುವುದು ಗಂಟೆಗೆ 800. 80 ಸಾವಿರವನ್ನು 800ರಿಂದ ಭಾಗಿಸಿ. ನೂರು ಗಂಟೆ. ಬ್ರೇಕ್ ಈವನ್ ಪಾಯಿಂಟ್ ಅಂತ ಕಾಲೇಜಿನಲ್ಲಿ ಬೋರ್ಡ್ ಮೇಲೆ ಗೆರೆ ಎಳೆಯುತ್ತಿದ್ದೆವಲ್ಲ, ಅದು ಇಲ್ಲಿ ಗದ್ದೆಯಲ್ಲಿ ಸಿಕ್ಕಿತು.

ಮಾವನಿಗೆ ಹೇಳಿದೆ. "ಮಾವ, ನಿಮಗೆ ನೂರು ಗಂಟೆ ಕೆಲಸ ಬೇಕು, ನಿಮ್ಮ ಹತ್ರ ಇರುದು ಹನ್ನೆರಡು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಹನ್ನೆರಡು ದಿನ ತಡ ಆದದ್ದನ್ನು ಎಲ್ಲಿ ಬರೆದೆ?"

ಬರೆದಿರಲಿಲ್ಲ. ನನ್ನ ಲೆಕ್ಕದಲ್ಲಿ ಆ ಕಾಲಂ ಇರಲೇ ಇಲ್ಲ. ಬಾಡಿಗೆಯ ನಿಜವಾದ ಬೆಲೆ ಗಂಟೆಯ ರೇಟು ಅಲ್ಲ, ಜೂನ್ ತಿಂಗಳ ಕ್ಯೂ. ಮಳೆ ಎಲ್ಲರಿಗೂ ಒಂದೇ ದಿನ ಬರುತ್ತದೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು 2014ರಿಂದ ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡ್ತಾ ಇವೆ, ಒಳ್ಳೆಯ ಯೋಜನೆಯೇ. ಆದ್ರೆ ಇಡೀ ಹೋಬಳಿಗೆ ಒಂದೇ ವಾರ ಬೇಕಾದರೆ ಯಾವ ಕೇಂದ್ರಕ್ಕಾದರೂ ಕಷ್ಟ.

ಅಂದ್ರೆ ಒಬ್ಬನೇ ಕೊಂಡರೆ ನಷ್ಟ, ಬಾಡಿಗೆ ನಂಬಿದರೆ ತಡ. ಇದರ ಮಧ್ಯದ ದಾರಿ ಹತ್ತಿರದ ಮನೆಗಳು. ಮಾವನ ಬೈಲಿನಲ್ಲಿ ಐದು ಮನೆಯ ಗದ್ದೆ ಸೇರಿದರೆ ಒಂಬತ್ತು ಎಕರೆ. ಎರಡು ಬೆಳೆಗೆ 72 ಗಂಟೆ. ಇನ್ನು 28 ಗಂಟೆ ಹೊರಗೆ ಬಾಡಿಗೆಗೆ ಹೋದರೆ ಲೆಕ್ಕ ಸರಿ. ನಮ್ಮ ಜಿಲ್ಲೆಗೆ ಇದು ಹೊಸ ಬುದ್ಧಿಯೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿ ಮನೆ ಮನೆಯ ಚಿಲ್ಲರೆ ಸೇರಿಸಿಯೇ ದೊಡ್ಡದಾದದ್ದು. ಚಿಲ್ಲರೆ ಸೇರಿಸಿದ ಹಾಗೆ ಸೆಂಟ್ಸ್ ಸೇರಿಸುವುದು, ಅಷ್ಟೇ.

ತೆಗೊಳ್ಳುವುದಾದರೆ ಏನು ನೋಡಬೇಕು?

ಒಂದು, ಫೋರ್ ವೀಲ್ ಡ್ರೈವ್. ನಮ್ಮ ದೇಶದ ಹಲವು ಮಿನಿ ಟ್ರ್ಯಾಕ್ಟರ್‌ಗಳು ಗುಜರಾತಿನ ರಾಜ್‌ಕೋಟ್ ಕಡೆಯ ಹತ್ತಿ, ಶೇಂಗಾ ಸಾಲಿನ ಮಧ್ಯೆ ಓಡಲು ಮಾಡಿದವು. ಒಣ ನೆಲದಲ್ಲಿ ಚಿನ್ನ. ಬೈಲಿನ ಕೆಸರಿನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆದರೆ ಹೂತು ಕೂರುತ್ತವೆ. ಮಿತ್ಸುಬಿಷಿ, ಕುಬೋಟಾ ಮೂಲದ ಸಣ್ಣ ಟ್ರ್ಯಾಕ್ಟರ್‌ಗಳ ಹುಟ್ಟು ಭತ್ತದ ಗದ್ದೆಯದ್ದು. 2023ರಲ್ಲಿ ಮಹೀಂದ್ರ ತಂದ ಓಜಾ ಕೂಡ ಜಪಾನಿನ ಮಿತ್ಸುಬಿಷಿ ಮಹೀಂದ್ರ ಜೊತೆ ಸೇರಿ ಮಾಡಿದ್ದು.

ಎರಡು, ಎಚ್‌ಪಿ ಹಿಂದೆ ಓಡಬೇಡಿ, ತೂಕ ನೋಡಿ. 45 ಎಚ್‌ಪಿ ಗಾಡಿ ಎರಡು ಟನ್ ಹತ್ತಿರ ಬರುತ್ತದೆ. ಅದು ಗದ್ದೆಯ ಅಡಿಯ ಗಟ್ಟಿ ಪದರ ಒಡೆದರೆ ಆಮೇಲೆ ನೀರು ನಿಲ್ಲುವುದಿಲ್ಲ.

ಮೂರು, ಅಗಲ. ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ. ಮಧ್ಯೆ ಕೊಕ್ಕೊ, ಬಾಳೆ ಇದ್ದರೆ ಇನ್ನೂ ಕಡಿಮೆ. ಗಾಡಿಯ ಜೊತೆಗೆ ರೋಟವೇಟರ್‌ನ ಅಗಲವನ್ನೂ ಕೇಳಿ.

ನಾಲ್ಕು, ಜೂನ್ ತಿಂಗಳಲ್ಲಿ ಗಾಡಿ ಕೆಟ್ಟರೆ ಮೆಕ್ಯಾನಿಕ್ ಎಷ್ಟು ಗಂಟೆಯಲ್ಲಿ ಗದ್ದೆಗೆ ಬರುತ್ತಾನೆ? ಶೋರೂಮಿನವರನ್ನು ಅಲ್ಲ, ಅದೇ ಗಾಡಿ ಇರುವ ರೈತರನ್ನು ಕೇಳಿ.

ಐದು, ಸಬ್ಸಿಡಿ. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಬಿಲ್ ಆದ ಮೇಲೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೆಯ ಕೊಟೇಶನ್ ಇದ್ದರೆ ಹೊಸದು ಕೇಳಿ.

ಆರನೆಯದು ನನಗೆ ಗೊತ್ತೇ ಇರಲಿಲ್ಲ, ಮಾವನೇ ಹೇಳಿದ್ದು. ದಾರಿ. ಅವರ ಗದ್ದೆ ರಸ್ತೆಯಿಂದ ಮೂರನೆಯದು. ಮುಂದಿನ ಎರಡು ಗದ್ದೆಯವರು ಮೊದಲು ನಾಟಿ ಮಾಡಿದರೆ, ಗಾಡಿ ಸ್ವಂತದ್ದಾದರೂ ಒಳಗೆ ಹೋಗುವ ಹಾಗಿಲ್ಲ. ಕೋಣ ಹುಣಿ ಮೇಲೆ ನಡೆದು ಹೋಗುತ್ತಿತ್ತು, ಟ್ರ್ಯಾಕ್ಟರ್ ಹೋಗುವುದಿಲ್ಲ. ಅಂದ್ರೆ ಆ ಎರಡು ಮನೆಯವರನ್ನು ಸೇರಿಸಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಬೈಲಿನಲ್ಲಿ ಒಬ್ಬನೇ ರೈತ ಅಂತ ಇರುವುದಿಲ್ಲ. ಇದು ನನ್ನ ಬ್ರೇಕ್ ಈವನ್‌ಗಿಂತ ಗಟ್ಟಿ ಕಾರಣ.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದದ್ದು ನೆನಪಿರಬಹುದು. ಪಾಳು ಬಿದ್ದ ಗದ್ದೆಗಳನ್ನು ಊರವರು ಒಟ್ಟಾಗಿ ಉತ್ತು ನಾಟಿ ಮಾಡಿದ್ರು. ಗದ್ದೆ ಹಡಿಲು ಬಿದ್ದ ಮೇಲೆ ಎಲ್ಲರೂ ಸೇರುವ ಬದಲು, ಬೀಳುವ ಮೊದಲೇ ಐದು ಮನೆ ಸೇರಿದರೆ ಖರ್ಚೂ ಕಡಿಮೆ.

ಮಾವ ಇನ್ನೂ ಗಾಡಿ ತೆಗೊಂಡಿಲ್ಲ. ಮುಂದಿನ ಎರಡು ಗದ್ದೆಯವರ ಹತ್ರ ಮಾತಾಡಿದ್ದಾರೆ. ಒಬ್ಬರು ಹ್ಞೂಂ ಅಂದಿದ್ದಾರೆ, ಇನ್ನೊಬ್ಬರು ಮುಂಬೈಯಲ್ಲಿರುವ ಮಗನನ್ನು ಕೇಳಿ ಹೇಳ್ತೇನೆ ಅಂದಿದ್ದಾರಂತೆ. ನನಗೆ ಹೇಳಿದ್ದು ಇಷ್ಟೇ: "ಆದಿತ್ಯವಾರ ಬಾ. ಬರುವಾಗ ಒಂದು ಉದ್ದದ ಟೇಪ್ ತಾ. ಹುಣಿ ಎಲ್ಲಿ ತೆಗೀಬೇಕು ಅಂತ ಅಳೆಯುವ."

ನಿಮ್ಮ ಮನೆಯಲ್ಲಿ ಕೊನೆಯ ಜೊತೆ ಕೋಣ ಯಾವಾಗ ಹೋಯಿತು? ಅದರ ಜಾಗಕ್ಕೆ ಏನು ಬಂತು? ಮನೆಯ ಹಿರಿಯರನ್ನು ಕೇಳಿ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಹಾಕುವ. ಅಲ್ಲಿಯವರೆಗೆ, ಬರ್ತೇನೆ.