ಟೊಮೇಟೊದ ಕುಲವಿಚಾರ

1753ರಲ್ಲಿ ಸ್ವೀಡನ್ನಿನ ಲಿನೇಯಸನು ಟೊಮೇಟೊವನ್ನು ಆಲೂಗಡ್ಡೆ, ಬದನೆಗಳ ಕುಲಕ್ಕೇ ಸೇರಿಸಿದನು. ಮರುವರ್ಷವೇ ಲಂಡನ್ನಿನ ಚೆಲ್ಸಿ ಉದ್ಯಾನದ ಫಿಲಿಪ್ ಮಿಲ್ಲರನು ಅದನ್ನು ಬೇರೆ ಕುಲವಾಗಿಸಿದನು. ಇನ್ನೂರು ವರ್ಷಗಳಿಗೂ ಮಿಕ್ಕಿ ಬಹುಮಂದಿ ನಡೆದದ್ದು ಆ ತೋಟಗಾರನ ಮಾತಿನಂತೆ! ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ, 1993ರಿಂದೀಚೆಗೆ, ಟೊಮೇಟೊ ತವರಿಗೆ ಮರಳಿತು.

ಅದರ ವರ್ಣತಂತುಗಳು 12 ಜೊತೆ. ಆಂಡಿಸ್ ಸೀಮೆಯ ಕಾಡುಬಂಧುಗಳಿಗೂ, ಬದನೆಗೂ ಅಷ್ಟೇ. ಎಣಿಕೆಯೊಂದರಿಂದ ನಂಟು ಸಿದ್ಧವಾಗದು, ನಿಜ. 2012ರಲ್ಲಿ ಟೊಮೇಟೊದ ಜೀನುಸಾಲನ್ನು ಓದಿ ಆಲೂಗಡ್ಡೆಯದರೊಡನೆ ಹೋಲಿಸಿದಾಗ, ಸಾಲು ಬಹುಮಟ್ಟಿಗೆ ಒಂದೇ ಆಗಿತ್ತು. ಒಂಬತ್ತು ದೊಡ್ಡ ತುಂಡುಗಳೂ ಕೆಲವು ಚಿಕ್ಕವೂ ಹಿಂದುಮುಂದಾಗಿದ್ದವು.

ಇಂಥ ತಿರುವುಗಳು ಕಾಡು ಟೊಮೇಟೊಗಳಲ್ಲಿಯೂ ಉಂಟು. ಅವು ಇರುವಲ್ಲಿ ಮಿಶ್ರತಳಿಯ ಜೀನುಗಳು ಸುಲಭವಾಗಿ ಅದಲುಬದಲಾಗವು. ರೋಗನಿರೋಧಕ ಗುಣವನ್ನು ಬಯಸಿದ ತಳಿಗಾರನಿಗೆ ಅದರ ಬೆನ್ನಿಗಂಟಿದ ಬೇಡದ ಗುಣಗಳೂ ದಕ್ಕುತ್ತವೆ.