ಸತ್ತರೆ ರೊಕ್ಕ, ಜಡ್ಡಾದರೆ ಇಲ್ಲ

ನಮ್ಮ ಭಾಗದಲ್ಲಿ ದನಕರುಗಳಿಗೆ ವಿಮೆ ಬಂದದ್ದು ಸಾಲದ ಬೆನ್ನು ಹತ್ತಿ. 1973ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳು ಸರ್ಕಾರದ ಕೈಗೆ ಬಂದವು. 1980ರ ಅಕ್ಟೋಬರ್ 2ರಂದು ಹಳ್ಳಿಯ ಬಡವರಿಗೆ ಸಾಲ ಕೊಡಿಸುವ ಐಆರ್‌ಡಿಪಿ ಯೋಜನೆ ದೇಶದ ಎಲ್ಲ ಬ್ಲಾಕುಗಳಿಗೆ ವಿಸ್ತರಿಸಿದ ಮೇಲಂತೂ ಬೆಳಗಾವಿ, ಖಾನಾಪುರದ ಹಳ್ಳಿಗಳಲ್ಲಿ ಎಮ್ಮೆ ಸಾಲ ಎಂದರೆ ಜೊತೆಗೆ ವಿಮೆಯೂ ಇದ್ದೇ ಇರುತ್ತಿತ್ತು. ನಾನು ಬ್ಯಾಂಕಿನ ಫೀಲ್ಡ್ ಆಫೀಸರ್ ಆಗಿ ತಿರುಗಿದ್ದು ಆ ಕಾಲದಲ್ಲಿ.

ಎಮ್ಮೆ ಖರೀದಿಯಾದ ದಿನ ಪಶುವೈದ್ಯರು ಅದರ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಬರೆಯುವರು. ಕೊಂಬು ಹಿಂದಕ್ಕೆ ಬಾಗಿದೆಯೋ ಸುರುಳಿಯೋ, ಬಾಲದ ಕುಚ್ಚು ಬಿಳಿಯೋ ಕರಿಯೋ, ಹಣೆಯ ಮೇಲೆ ಚುಕ್ಕೆ ಇದೆಯೋ ಎಂಬುದೆಲ್ಲ ಸರ್ಟಿಫಿಕೇಟಿನಲ್ಲಿ ಬರಬೇಕು. ಆಮೇಲೆ ಇಬ್ಬರು ಮೂಗುದಾರ ಹಿಡಿದು ನಿಂತರೆ ಇಕ್ಕಳದಿಂದ ಕಿವಿಗೆ ನಂಬರಿನ ಓಲೆ ಒತ್ತುವುದು. ಎಮ್ಮೆ ತಲೆ ಕೊಡವಿದರೆ ನಾಲ್ಕು ಹನಿ ರಕ್ತ ಅಂಗಿಯ ಮೇಲೆ. ಮನೆಯ ಹೆಣ್ಣುಮಕ್ಕಳು ಗಾಯಕ್ಕೆ ಅರಿಷಿಣ ಮೆತ್ತುತ್ತಿದ್ದರು. ಎಮ್ಮೆ ಸತ್ತರೆ ಓಲೆ ಸಮೇತ ಕಿವಿಯನ್ನೇ ಕೊಯ್ದು ತಂದು ಒಪ್ಪಿಸಬೇಕಿತ್ತು. ಓಲೆ ಇಲ್ಲದಿದ್ದರೆ ಕ್ಲೇಮಿಲ್ಲ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮೇಯಲು ಹೋದ ದನದ ಕಿವಿ ಮುಳ್ಳುಕಂಟಿಗೆ ಸಿಕ್ಕಿ ಹರಿದರೆ ಓಲೆ ಅಲ್ಲೇ ಹೋಗುತ್ತಿತ್ತು. ಹಾಗೆ ಓಲೆ ಕಳೆದ ಎಮ್ಮೆ ಸತ್ತು, ಕ್ಲೇಮು ತಿರಸ್ಕಾರವಾಗಿ, ಸಾಲ ಮಾತ್ರ ತಲೆ ಮೇಲೆ ಉಳಿದ ಒಬ್ಬ ವಿಧವೆ ತಾಯಿಯ ಮುಖ ನನಗೆ ಈಗಲೂ ಮರೆತಿಲ್ಲ. ಅದು ಅನ್ಯಾಯವೆಂದು ಅಂದೂ ಅಂದಿದ್ದೆ, ಇಂದೂ ಅನ್ನುತ್ತೇನೆ.

ಆ ಪಾಲಿಸಿಯ ಹೊಟ್ಟೆಯೊಳಗಿನ ಷರತ್ತುಗಳನ್ನು ಓದಿದವರು ಕಡಿಮೆ. ಪಾಲಿಸಿ ಶುರುವಾಗುವ ಮುಂಚೆಯೇ ಇದ್ದ ರೋಗಕ್ಕೆ ಪರಿಹಾರವಿಲ್ಲ. ಮೊದಲ 15 ದಿನಗಳಲ್ಲಿ ಬಂದ ರೋಗಕ್ಕೂ ಇಲ್ಲ. ಗಂಟಲು ಬೇನೆ, ಚಪ್ಪೆ ಬೇನೆ, ಕಾಲುಬಾಯಿ ಬೇನೆಗೆ ಲಸಿಕೆ ಹಾಕಿಸಿದ್ದಕ್ಕೆ ಪುರಾವೆ ಬೇಕು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅದು ಸಾವಿನ ವಿಮೆ. ವರ್ಷಗಟ್ಟಲೆ ಮರುಕಳಿಸುವ ಕೆಚ್ಚಲು ಬಾವಿಗೆ ಡಾಕ್ಟರರ ಖರ್ಚು, ಔಷಧ, ಕಳೆದುಕೊಂಡ ಹಾಲು ಯಾವುದೂ ಅದರಲ್ಲಿ ಬರುತ್ತಿರಲಿಲ್ಲ. ಹೆಚ್ಚಿನ ಕಂತು ಕಟ್ಟಿ ಶಾಶ್ವತ ಅಂಗವೈಕಲ್ಯದ ರಕ್ಷಣೆ ಪಡೆದಿದ್ದರೆ, ಎಮ್ಮೆ ಪೂರ್ತಿ ಬತ್ತಿಹೋದಾಗ ಸಾಮಾನ್ಯವಾಗಿ ವಿಮೆ ಮೊತ್ತದ ಮುಕ್ಕಾಲು ಪಾಲು ಸಿಗುತ್ತಿತ್ತು. ಬ್ಯಾಂಕಿಗೆ ತನ್ನ ಸಾಲ ಮುಳುಗಬಾರದಿತ್ತು. ಪಾಲಿಸಿ ಹುಟ್ಟಿದ್ದೇ ಅದಕ್ಕಾಗಿ. ಎಮ್ಮೆಯ ಆರೋಗ್ಯ ಅದರ ಲೆಕ್ಕದಲ್ಲಿರಲಿಲ್ಲ.

2005-06ರಲ್ಲಿ ಕೇಂದ್ರ ಸರ್ಕಾರ 100 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ತಂದ ಜಾನುವಾರು ವಿಮಾ ಯೋಜನೆ ಒಂದು ಹೆಜ್ಜೆ ಮುಂದೆ ಹೋಯಿತು. ಕಂತಿನ ಅರ್ಧ ಸರ್ಕಾರದ್ದು. ಜೊತೆಗೆ ವರ್ಷಕ್ಕೊಮ್ಮೆ ನವೀಕರಿಸುವ ಪಾಲಿಸಿಗಿಂತ ಮೂರು ವರ್ಷದ ಪಾಲಿಸಿಗೇ ಒತ್ತು ಕೊಟ್ಟರು. ನನ್ನ ಕಣ್ಣಿಗೆ ಅದರ ನಿಜವಾದ ಬೆಲೆ ಇಲ್ಲಿದೆ: ಮೊದಲ ವರ್ಷ ಕಾಣಿಸಿಕೊಂಡ ಜಡ್ಡು ಎರಡನೆಯ ವರ್ಷ 'ಮುಂಚಿನ ರೋಗ' ಆಗುವುದಿಲ್ಲ, ಪಾಲಿಸಿ ಅದೇ ಇರುತ್ತದಲ್ಲ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಹಿಂಡಿದಾಗ ರಾಜ್ಯ ಸರ್ಕಾರ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಕೊಟ್ಟಿತು. ಅದೂ ಸತ್ತವುಗಳಿಗೇ.

ನಾನೀಗ ಇರುವ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಕೊಟ್ಟಿಗೆಗಿಂತ ಗೇಟಿನೊಳಗಿನ ನಾಯಿಗಳೇ ಹೆಚ್ಚು. ಸಂಜೆ ವಾಕಿಂಗಿನಲ್ಲಿ ಲ್ಯಾಬ್ರಡಾರ್, ಪೊಮೇರಿಯನ್, ಆಗೊಮ್ಮೆ ಈಗೊಮ್ಮೆ ಮುಧೋಳ ನಾಯಿಯೂ ಎದುರಾಗುತ್ತದೆ. "ಕಾಕಾ, ನಮ್ಮ ನಾಯಿಗೆ ಯಾವ ಪಾಲಿಸಿ ಮಾಡಸ್ಲಿ?" ಎಂದು ಹುಡುಗರು ಕೇಳುತ್ತಾರೆ. ಅಮೆರಿಕದಲ್ಲಿ 1982ರಲ್ಲೇ ಟಿವಿಯ ಲ್ಯಾಸಿ ನಾಯಿಗೆ ಆರೋಗ್ಯ ಪಾಲಿಸಿ ಬರೆದಿದ್ದರು. ನಮ್ಮಲ್ಲಿ ಬಜಾಜ್ ಅಲಯನ್ಸ್ 2020ರಲ್ಲಿ ತಂದ ನಾಯಿ ಪಾಲಿಸಿಯಲ್ಲಿ ಆಪರೇಷನ್, ಆಸ್ಪತ್ರೆ ಖರ್ಚು ಮೂಲ ರಕ್ಷಣೆಯಾದರೆ, ದೀರ್ಘಕಾಲದ ಕಾಯಿಲೆಯ ರಕ್ಷಣೆಯನ್ನು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬೇಕಿತ್ತು. ಓಲೆಯ ಕೆಲಸವನ್ನು ಈಗ ಚರ್ಮದಡಿಯ ಚಿಪ್ ಮಾಡಬಲ್ಲದು. ಮುಂಚಿನ ರೋಗದ ಷರತ್ತು ಮಾತ್ರ ಎಮ್ಮೆಯ ಪಾಲಿಸಿಯಿಂದ ನಾಯಿಯ ಪಾಲಿಸಿಗೆ ಹಾಗೆಯೇ ನಡೆದು ಬಂದಿದೆ.

ಹಾಗಾಗಿ ಆ ಹುಡುಗರಿಗೆ ಕಂತು ಎಷ್ಟೆಂದು ಆಮೇಲೆ ನೋಡಿ ಎನ್ನುತ್ತೇನೆ. ಲ್ಯಾಬ್ರಡಾರಿಗೆ ಸೊಂಟದ ಕೀಲಿನ ತೊಂದರೆ, ಚರ್ಮದ ಅಲರ್ಜಿ, ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ ಬರಬಹುದು. ಇವು ಒಮ್ಮೆ ಬಂದು ಹೋಗುವ ಜಡ್ಡುಗಳಲ್ಲ. ಈ ವರ್ಷ ಶುರುವಾದ ತುರಿಕೆಗೆ ಮುಂದಿನ ವರ್ಷ ನವೀಕರಿಸಿದ ಮೇಲೂ ಕೊಡುತ್ತೀರಾ, ಖರ್ಚಿನ ಮಿತಿ ಪ್ರತಿ ವರ್ಷ ಹೊಸದಾಗಿ ಶುರುವಾಗುತ್ತದೋ ಜೀವಮಾನಕ್ಕೆ ಒಂದೇ ಸಲವೋ, ಎಷ್ಟು ವಯಸ್ಸಿನವರೆಗೆ ನವೀಕರಣ ಎಂದು ಕಂಪನಿಯವರನ್ನು ಬರಹದಲ್ಲೇ ಕೇಳಬೇಕು. ಮರಿ ಚಿಕ್ಕದಿರುವಾಗಲೇ ಮಾಡಿಸಿ, ನಡುವೆ ಒಂದು ದಿನವೂ ಪಾಲಿಸಿ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಡಾಕ್ಟರರ ಕಾರ್ಡಿನಲ್ಲಿ ಲಸಿಕೆಯ ದಿನಾಂಕದ ಜೊತೆಗೆ, ಪ್ರತಿ ಜಡ್ಡು ಮೊದಲು ಕಾಣಿಸಿಕೊಂಡ ದಿನಾಂಕವನ್ನೂ ಬರೆಸಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಕ್ಲೇಮಿನ ತಕರಾರು ಎದ್ದಾಗ ಮೊದಲು ಕೇಳುವುದು ಅದನ್ನೇ.