ಸಾಂಕ್ರಾಮಿಕ ರೋಗಗಳೂ ಸಮಾಜವೂ

ಮಹಾಮಾರಿಯ ಮಾತು ಬಂದೊಡನೆ ನಾವು ವೈದ್ಯರತ್ತ ನೋಡುತ್ತೇವೆ. ರೋಗಾಣುವನ್ನು ಗುರುತಿಸಿ ಮದ್ದು ನೀಡುವುದು ಅವರ ಕಾರ್ಯವೇ ಸರಿ. ಆದರೆ ರೋಗವು ಯಾವ ಹಾದಿಯಿಂದ ಬಂದಿತು, ಯಾರನ್ನು ಹೆಚ್ಚು ಬಲಿ ತೆಗೆದುಕೊಂಡಿತು ಎಂಬ ಪ್ರಶ್ನೆಗಳಿಗೆ ಸಮಾಜದ ಇತಿಹಾಸವೇ ಉತ್ತರ ಹೇಳಬೇಕು.

ನಮ್ಮ ಸೀಮೆಯನ್ನೇ ನೋಡಿರಿ. ಬ್ರಿಟಿಷರ ಕಾಲದಲ್ಲಿ ರಾಮಥಾಳ ಮೊದಲಾದ ಹುನಗುಂದ ತಾಲೂಕಿನ ಗ್ರಾಮಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. 1896ರಲ್ಲಿ ಮುಂಬಯಿ ಬಂದರಿನ ಸಮೀಪದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬಾಗಲಕೋಟೆಗೆ ರೈಲು ಬಂದು ಆಗ ಸುಮಾರು ಹನ್ನೆರಡು ವರ್ಷಗಳಾಗಿದ್ದವು. ಅರಳೆ, ಧಾನ್ಯಗಳು ಸಾಗಿದ ಹಾದಿಯಲ್ಲಿಯೇ ಇಲಿಯೂ ಅದರ ಚಿಗಟವೂ ಸಾಗಿದವು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಮುಂದಿನ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 1 ಕೋಟಿ ಜನರು ಪ್ಲೇಗಿಗೆ ತುತ್ತಾದರು.

1897ರಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ಜನರ ರೋಷ ಎಷ್ಟು ಬೆಳೆಯಿತೆಂದರೆ, ಅದೇ ವರ್ಷ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡನಿಗೆ ಗುಂಡು ಹಾರಿಸಲಾಯಿತು. ವಿಶ್ವಾಸವಿಲ್ಲದ ಕಡೆ ಒಳ್ಳೆಯ ಉದ್ದೇಶದ ಕ್ರಮವೂ ದಬ್ಬಾಳಿಕೆಯಾಗಿ ತೋರುವುದು ಸಹಜ.

ಹಳ್ಳಿಯ ಜನರಿಗೆ ತಮ್ಮದೇ ಆದ ವಿವೇಕವಿತ್ತು. ಇಲಿ ಸತ್ತು ಬಿದ್ದರೆ ಊರು ತೊರೆದು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಚಿಗಟವೇ ರೋಗವಾಹಕವೆಂದು ಫ್ರಾನ್ಸಿನ ವೈದ್ಯ ಸಿಮೋಂದ್ 1898ರಲ್ಲಿ ತೋರಿಸಿಕೊಟ್ಟದ್ದರಿಂದ ಈ ರೂಢಿಯ ಔಚಿತ್ಯ ತಿಳಿಯುತ್ತದೆ. ಆದರೆ ಹೊಲವುಳ್ಳವನು ಹೊಲಕ್ಕೆ ಹೋದಾನು. ಹೊಲವಿಲ್ಲದ ಕೂಲಿಕಾರನು ಎಲ್ಲಿಗೆ ಹೋಗಬೇಕು? ರೋಗಕ್ಕೆ ಭೇದವಿಲ್ಲವೆನ್ನುತ್ತೇವೆ. ಆದರೆ ರೋಗದಿಂದ ಪಾರಾಗುವ ಅನುಕೂಲದಲ್ಲಿ ಭೇದವಿದ್ದೇ ಇತ್ತು.

1918ರ ಇನ್‌ಫ್ಲುಯೆಂಜಾ ಈ ಸತ್ಯವನ್ನು ಇನ್ನಷ್ಟು ಕಠೋರವಾಗಿ ತೋರಿಸಿತು. ಮಹಾಯುದ್ಧದ ಹಡಗುಗಳೊಡನೆ ಅದು ಮುಂಬಯಿಗೆ ಬಂದಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಹಸಿದ ದೇಹಕ್ಕೆ ಜ್ವರವನ್ನು ತಡೆಯುವ ಕಸುವು ಎಲ್ಲಿಂದ ಬರಬೇಕು? ದೇಶದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರು ಅಳಿದರೆಂದು ಅಂದಾಜು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು.

ನೂರು ವರ್ಷಗಳ ತರುವಾಯ, 2020ರಲ್ಲಿ, ಕೊರೋನಾ ಬಂದಿತು. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋದ ನಮ್ಮ ಜಿಲ್ಲೆಯವರು ಕೆಲಸ ಕಳೆದುಕೊಂಡು ಮರಳಿದರು. ನಾಡಿನ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳುಬೇಲಿ ಹಚ್ಚಿದವು. ಭಯ ಸಹಜವೇ, ಆದರೆ ಬೇಲಿಯಾಚೆ ನಿಂತವರು ಊರಿನ ಮಕ್ಕಳೇ ಅಲ್ಲವೇ? ಬರಗಾಲವೂ ಬಡತನವೂ ಅವರನ್ನು ಹೊರಗೆ ಕಳಿಸಿದ್ದವು.

ಓದುಗರು ಇದನ್ನು ಆಲೋಚಿಸಬೇಕು. ಮರಳಿ ಬಂದವನನ್ನು ಕೆಲವು ದಿನ ಪ್ರತ್ಯೇಕವಾಗಿರಿಸುವುದು ವಿವೇಕ. ಅವನಿಗೆ ಅನ್ನ, ನೀರು, ಮನ್ನಣೆಗಳನ್ನು ನಿರಾಕರಿಸುವುದು ಅಧರ್ಮ. ಮುಂದಿನ ಮಾರಿ ಬರುವ ಮೊದಲೇ ಹೊಲವಿಲ್ಲದವನಿಗೆ ನೆಲೆಯನ್ನೂ ಹಸಿದವನಿಗೆ ಅನ್ನವನ್ನೂ ಒದಗಿಸಿದ ಊರೇ ನಿಜವಾಗಿ ರೋಗವನ್ನು ಎದುರಿಸಲು ಸಿದ್ಧವಾದ ಊರು.